ಕೊರೆಯುವ ಮೊದಲು ಪೈಪು ಹುಡುಕಿಸಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮ್ಮ ಅಡ್ಡರಸ್ತೆಯ ಮೂಲೆಯಲ್ಲಿ ಮೂರು ಹಂತದ ಬೇಸ್‌ಮೆಂಟ್‌ಗೆ ಮಣ್ಣು ತೋಡುತ್ತಿರುವುದು ತಮಗೆ ಗೊತ್ತೇ ಇದೆ. ಭೂಮಿಪೂಜೆಗೆ ತಾವೂ ಬಂದಿದ್ದಿರಿ. ಕಟ್ಟಡವೇ ಬೇಡವೆಂಬ ತಕರಾರು ನನ್ನದಲ್ಲ. ಮಣ್ಣು ಕುಸಿಯದಂತೆ ಸುತ್ತ ಪೈಲ್ ಗೋಡೆ, ಅಂದರೆ ನೆಲದಾಳಕ್ಕೆ ಸಾಲಾಗಿ ಕಾಂಕ್ರೀಟ್ ಕಂಬಗಳನ್ನು ಇಳಿಸಿರುವುದೂ ಸರಿಯೇ. ಆದರೆ ಆ ಗೋಡೆಯ ಹಿಂದೆ, ರಸ್ತೆಯಡಿ ಏನೇನು ಹೂತಿದೆ ಎಂದು ಯಾರೂ ಅಗೆದು ನೋಡಿಲ್ಲ.

ಎಷ್ಟೇ ಗಟ್ಟಿ ಗೋಡೆಯಾದರೂ ಮಣ್ಣು ತೆಗೆದಂತೆಲ್ಲ ಗುಂಡಿಯತ್ತ ತುಸು ಬಾಗುತ್ತದೆ, ಹಿಂದಿನ ನೆಲ ಕುಗ್ಗುತ್ತದೆ. ಇದರ ಪರಿಣಾಮ ಗುಂಡಿಯ ಆಳದ ಎರಡು ಮೂರು ಪಟ್ಟು ದೂರಕ್ಕೂ ತಲುಪಬಹುದು. ನಮ್ಮ ರಸ್ತೆಯ ಒಳಚರಂಡಿ ಹಳೆಯ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಕೊಳವೆಯದು. ಅದರ ಸಿಮೆಂಟ್ ಜೋಡಣೆ ಸ್ವಲ್ಪ ಸರಿದರೂ ಬಾಯಿ ಬಿಡುತ್ತದೆ. ಸೋರಿದ ನೀರು ಮಣ್ಣನ್ನು ನೆನೆಸುತ್ತದೆ, ನೆನೆದ ಮಣ್ಣು ಗೋಡೆಯನ್ನು ಇನ್ನಷ್ಟು ನೂಕುತ್ತದೆ. ಇಲ್ಲಿನ ಪೈಲ್‌ಗಳು ಒಂದಕ್ಕೊಂದು ಬೆಸೆದವಲ್ಲ, ನಡುವೆ ಅಂಗೈ ಅಗಲದ ಸಂದು. ಆ ಸಂದಿಯಿಂದ ಕೆಮ್ಮಣ್ಣಿನೊಂದಿಗೆ ಬೂದು ನೀರು ಜಿನುಗುವುದನ್ನು ಮೊನ್ನೆ ನೋಡಿದೆ. ಅಂತರ್ಜಲ ಎಂದರು ಮೇಲ್ವಿಚಾರಕರು. ಅಂತರ್ಜಲಕ್ಕೆ ಸೋಪಿನ ನೊರೆ ಎಲ್ಲಿಂದ ಬಂತೋ!

ಆಂಕರ್‌ಗಳದು ಇನ್ನೂ ದೊಡ್ಡ ತಲೆನೋವು. ಗೋಡೆಯನ್ನು ಹಿಂದಕ್ಕೆ ಎಳೆದು ಹಿಡಿಯಲು ಓರೆಯಾಗಿ ಕೊರೆದು, ಉಕ್ಕಿನ ಎಳೆ ತೂರಿಸಿ, ಗ್ರೌಟ್ (ತೆಳು ಸಿಮೆಂಟ್ ಗಾರೆ) ತುಂಬುತ್ತಾರೆ. ಅವು ನಿವೇಶನದ ಗಡಿಗೆ ನಿಲ್ಲದೆ ಸಾರ್ವಜನಿಕ ರಸ್ತೆಯಡಿ ನುಗ್ಗುತ್ತವೆ. ಕೊರೆಯುವ ಯಂತ್ರಕ್ಕೆ ಕಲ್ಲೂ ಒಂದೇ, ಕೇಬಲ್ಲೂ ಒಂದೇ, ಅನಿಲದ ಕೊಳವೆಯೂ ಒಂದೇ.

2020ರ ಜುಲೈನಲ್ಲಿ ಮೆಜೆಸ್ಟಿಕ್ ಬಳಿ, ಕಪಾಲಿ ಚಿತ್ರಮಂದಿರವಿದ್ದ ಜಾಗದ ಗುಂಡಿಯ ಪಕ್ಕದಲ್ಲೇ ಬಹುಮಹಡಿ ಕಟ್ಟಡ ಕುಸಿದದ್ದನ್ನು ನಗರ ಕಂಡಿದೆ. ಅಗೆಯುವ ಮುನ್ನ ಕೊಳವೆ, ಕೇಬಲ್‌ಗಳ ಒಡೆಯರಿಗೆ ತಿಳಿಸಲೆಂದು ಕೇಂದ್ರ ಸರ್ಕಾರ 2023ರಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿತು. ಒಳ್ಳೆಯದೇ. ಆದರೆ ನಕ್ಷೆಯಲ್ಲಿ ನೇರವಾಗಿ ಎಳೆದ ಗೆರೆ ನೆಲದೊಳಗೂ ನೇರವಾಗಿಯೇ ಇರಬೇಕೆಂದೇನಿಲ್ಲ. ಗುದ್ದಲಿ ಹಿಡಿದು, ಕೈಯಿಂದಲೇ ಪರೀಕ್ಷಾ ಗುಂಡಿ ತೋಡಿ ಕೊಳವೆಯ ಬೆನ್ನು ಕಣ್ಣಿಗೆ ಕಂಡ ಮೇಲಷ್ಟೇ ಯಂತ್ರ ಇಳಿಯಬೇಕು.

ಎರಡನೇ ಸಾಲಿನ ಆಂಕರ್ ಕೊರೆತ ಸೋಮವಾರ ಶುರುವಂತೆ. ಅಷ್ಟರೊಳಗೆ ಒಳಚರಂಡಿಗೆ ಕ್ಯಾಮೆರಾ ಇಳಿಸಿ ನೋಡಲು ಹೇಳಿ. ಗೋಡೆ ಎಷ್ಟು ಬಾಗಿದೆ ಎಂಬ ಅಳತೆಯನ್ನು ವಾರಕ್ಕೊಮ್ಮೆ ಗೇಟಿನ ಹೊರಗೆ ಅಂಟಿಸಲು ಹೇಳಿ. ಅದಾಗುವವರೆಗೆ ಕೊರೆತ ನಿಲ್ಲಿಸಲು ಹೇಳಿ.

ಇಂತಿ,
ತಮ್ಮ ಕ್ಷೇತ್ರದ ಮತದಾರ