ನಾಳೆ ಹೃದಯದ ಪಾಠ, ನಾಡಿ ಎಣಿಸಿಕೊಂಡು ಬನ್ನಿ

ಫಸ್ಟ್ ಇಯರ್ ನರ್ಸಿಂಗ್‌ನವರು ಗಮನಿಸಿ. ನಾಳೆ ಸಂಜೆ 5ಕ್ಕೆ ಸೇರೋಣ. ಮಟನ್ ಅಂಗಡಿಯಿಂದ ಕುರಿಯ ಹೃದಯ ಎರಡು ತರಿಸಿದ್ದೇನೆ. ಅದಕ್ಕೂ ನಮ್ಮದರ ಹಾಗೇ ನಾಲ್ಕು ಕೋಣೆ. ಕೊಯ್ದ ಮೇಲೆ ಕೆಳಗಿನ ಎರಡು ಕೋಣೆಗಳ ಗೋಡೆಯನ್ನು ಬೆರಳಲ್ಲಿ ಹಿಸುಕಿ ನೋಡಿ. ಎಡಗಡೆಯದು ದಪ್ಪ, ಗಟ್ಟಿ. ಬಲಗಡೆಯದು ತೆಳು. ಬಲದ್ದು ಪಕ್ಕದ ಶ್ವಾಸಕೋಶಕ್ಕೆ ರಕ್ತ ತಳ್ಳಿದರೆ ಸಾಕು, ಎಡದ್ದು ಇಡೀ ಮೈಗೆ ತಳ್ಳಬೇಕು, ಅಲ್ವಾ? ಕವಾಟಕ್ಕೆ ಅಂಟಿದ ಬಿಳಿ ದಾರದಂಥ ಎಳೆಗಳನ್ನೂ ಹುಡುಕಿ. ಕವಾಟ ಹಿಂದಕ್ಕೆ ಮಗುಚದಂತೆ ಹಿಡಿದಿಡುವುದು ಅವೇ.

ಚಿತ್ರದಲ್ಲಿ ಎಡ ಅಂದರೆ ರೋಗಿಯ ಎಡ, ನಿಮ್ಮದಲ್ಲ. ಹೋದ ಟೆಸ್ಟಲ್ಲಿ ಜಾಸ್ತಿ ಜನ ತಪ್ಪಿದ್ದು ಇಲ್ಲೇ. (ನನ್ನ ಮೊದಲ ವರ್ಷದ ಕಥೆಯೂ ಅದೇ, ಬಿಡಿ.)

ಇವತ್ತು ರಾತ್ರಿ ಹತ್ತು ನಿಮಿಷ ಸುಮ್ನೆ ಕೂತು, ಆಮೇಲೆ ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ ಬರೆದಿಡಿ. ಹೆಬ್ಬೆರಳು ಬೇಡ, ಅದರದ್ದೇ ನಾಡಿ ಸಿಕ್ಕಿಬಿಡುತ್ತದೆ. ಒಂದು ಬಡಿತಕ್ಕೆ ಹೃದಯ ತಳ್ಳುವ ರಕ್ತ ಸುಮಾರು 70 ಮಿಲಿಲೀಟರ್ ಅಂತ ಹಿಡಿದರೆ, ನಾಡಿ 70 ಇರುವವರಿಗೆ ನಿಮಿಷಕ್ಕೆ 4.9 ಲೀಟರ್. ನಿಮ್ಮದು ಎಷ್ಟು ಅಂತ ನಾಳೆ ನೋಡೋಣ.

ಗ್ಲೌಸ್ ನಾನು ತರುತ್ತೇನೆ. ಮಾಂಸ ಮುಟ್ಟದವರು ಪಕ್ಕದಲ್ಲಿ ನಿಂತು ನೋಡಿದರೂ ಪರವಾಗಿಲ್ಲ.