ಚಪ್ಪಾಳೆ ಬಿಡು, ತಕರಾರು ಕೇಳು

ಪ್ರೀತಿಯ ತಂಗೀ,

ನಿನ್ನ ಪತ್ರ ಬಂದು ವಾರವಾಯಿತು. ರೂಮಿನ ಗೆಳತಿಯ ಕಾದಂಬರಿ ಅಚ್ಚಾಗಿದೆ, ಇನ್ನೊಬ್ಬ ಗೆಳೆಯ ಹಗಲು ನೌಕರಿ, ರಾತ್ರಿ ನಾಟಕ ಅಂತ ಓಡಾಡುತ್ತಾನೆ, ಇವರ ನಡುವೆ ನೀನು ಚಪ್ಪಾಳೆ ತಟ್ಟಲಿಕ್ಕೇ ಹುಟ್ಟಿದವಳೇನೋ ಎಂದು ಬರೆದಿದ್ದೀಯ. ಮೆಚ್ಚುಗೆಯ ಜೊತೆ ಚೂರು ಹೊಟ್ಟೆಕಿಚ್ಚೂ ಇದೆ. ಇರಲಿ, ಅದಕ್ಕೆ ಔಷಧ ಬೇಡ. ಆದರೆ ಬೆಳಗಿನ ನಾಲ್ಕಕ್ಕೆ ಏಳುವ ಅವಳ ರೂಢಿಯನ್ನು ನೀನೂ ಹಿಡಿದಿದ್ದೀಯಲ್ಲ, ಅದನ್ನು ಮೊದಲು ಬಿಡು. ನಿನಗದು ಆಗಿಬರುವುದಿಲ್ಲ. ಹೋದ ಸಲ ಕಳಿಸಿದ ಕಥೆ ಓದುವಾಗಲೇ ನನಗೆ ಆಕಳಿಕೆ ಬಂತು.

ಇಂಥ ಗೆಳೆಯರಿಂದ ಪಡೆಯಬೇಕಾದದ್ದು ಅವರ ದಿನಚರಿಯನ್ನಲ್ಲ, ಅವರು ನಮಗೆ ಹಚ್ಚುವ ಕೆಲಸವನ್ನು.

ಧಾರವಾಡದ ಸುಭಾಷ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ ಇದೆ. ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಪ್ರಕಾಶನ. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಅಲ್ಲಿಂದಲೇ ಹೊರಬಂತು. ಹುಡುಗನಿಗೆ ಆಗ ಇಪ್ಪತ್ಮೂರು ವರ್ಷ, ಓದುತ್ತಿದ್ದದ್ದು ಆಕ್ಸ್‌ಫರ್ಡ್‌ನಲ್ಲಿ. ಅದೇ ಅಟ್ಟದ ಬಳಗದ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರಿಗೆ ಒಂದು ತಕರಾರಿತ್ತು: ಇತಿಹಾಸವನ್ನು ಇವತ್ತಿನ ಕಣ್ಣಿನಿಂದ ನೋಡುವ ನಾಟಕ ನಮ್ಮಲ್ಲಿ ಬಂದಿಲ್ಲ ಅಂತ. ಕಾರ್ನಾಡರು ಇತಿಹಾಸದ ಪುಸ್ತಕ ಹಿಡಿದು ಕೂತದ್ದು ಆ ಮಾತಿನ ಬೆನ್ನುಹತ್ತಿ. 1964ರಲ್ಲಿ ‘ತುಘಲಕ್’ ಬಂತು. ಯೋಚಿಸು: ಕುರ್ತಕೋಟಿ ‘ಯಯಾತಿ’ಯನ್ನು ಹೊಗಳಿ ಸುಮ್ಮನಾಗಿದ್ದರೆ? ಮುಂದೆ ‘ನಾಗಮಂಡಲ’ಕ್ಕೆ ಬೇಕಾದ ಎರಡು ಜನಪದ ಕಥೆಗಳು ಸಿಕ್ಕಿದ್ದು ಎ.ಕೆ. ರಾಮಾನುಜನ್ ಅವರ ಬಾಯಿಂದ. ಸ್ವತಃ ಕವಿಯಾದ ಮನುಷ್ಯ, ಇಂಥ ಕಥೆಯನ್ನು ತನಗೇ ಇರಲಿ ಎಂದು ಗಂಟುಕಟ್ಟಿ ಇಟ್ಟುಕೊಳ್ಳಲಿಲ್ಲ.

ಇವರೆಲ್ಲ ದೊಡ್ಡ ಓದು ಓದಿದವರು ಎನ್ನುತ್ತೀಯ, ಗೊತ್ತು. ಹಾಗಾದರೆ ಹಲಸಂಗಿಗೆ ಬಾ. ವಿಜಯಪುರ ಜಿಲ್ಲೆಯ ಒಂದು ಹಳ್ಳಿ. ಅಲ್ಲಿನ ಕವಿ ಮಧುರಚೆನ್ನರ ಶಾಲೆ ಮುಲ್ಕಿಗೇ, ಅಂದರೆ ಏಳನೆಯ ಇಯತ್ತೆಗೇ, ಮುಗಿದಿತ್ತು; ಇಂಗ್ಲಿಷ್ ಕಲಿತದ್ದು ಸ್ವಂತ ಹಟದಿಂದ. ಸಿಂಪಿ ಲಿಂಗಣ್ಣ ಶಾಲಾ ಮಾಸ್ತರರು. ಜೊತೆಗೆ ಕಾಪಸೆ ರೇವಪ್ಪ, ಧೂಲಾಸಾಹೇಬ. ಇವರು ಕೂಡಿ ಬೀಸುವ, ಕುಟ್ಟುವ ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳನ್ನು ಬರೆದುಕೊಂಡರು. ಇದು ಸಲೀಸಾದ ಕೆಲಸವಲ್ಲ. ಬೀಸುಕಲ್ಲಿನ ಹಾಡು ಕಲ್ಲು ತಿರುಗುವಾಗ ಬರುತ್ತದೆ. ‘ಹೇಳವ್ವಾ, ಬರೆದುಕೊಳ್ತೀನಿ’ ಎಂದು ಗಂಡಸೊಬ್ಬ ಹಾಳೆ ಹಿಡಿದು ಕೂತರೆ ಹಾಡುವವಳು ಸೆರಗು ಬಾಯಿಗಿಟ್ಟು ನಕ್ಕುಬಿಡುತ್ತಾಳೆ. ನಾನೂ ಒಂದೆರಡು ಊರಲ್ಲಿ ಪ್ರಯತ್ನಿಸಿ ನೋಡಿದ್ದೇನೆ. 1931ರಲ್ಲಿ ‘ಗರತಿಯ ಹಾಡು’ ಬಂತು, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’. ಮಧುರಚೆನ್ನರು ತಮ್ಮ ಕವಿತೆಯನ್ನೂ ಬಿಡಲಿಲ್ಲ. ‘ನನ್ನ ನಲ್ಲ’ ಬಂದದ್ದೂ ಇದೇ ವರ್ಷಗಳಲ್ಲಿ. ಗೆಳೆಯರ ಕೂಡ ಮಾಡಿದ ಕೆಲಸ ಅವರ ಸ್ವಂತ ಬರಹಕ್ಕೆ ಅಡ್ಡಬರಲಿಲ್ಲ. ಆ ತ್ರಿಪದಿಗಳನ್ನು ಕಿವಿತುಂಬ ಕೇಳಿದ್ದು ಅವರಿಗೆ ಲಾಭವೇ ಆಯಿತು ಅಂತ ನನ್ನ ಅಂದಾಜು.

ನನಗೂ ಅಂಥ ಗೆಳೆಯನೊಬ್ಬ ಇದ್ದಾನೆ. ಹಗಲು ಆಫೀಸಿನಲ್ಲಿ ಗುಮಾಸ್ತಿಕೆ, ಸಂಜೆ ಆರರ ಮೇಲೆ ನಾಟಕದ ತಾಲೀಮು. ಒಮ್ಮೆ ಚಾದಂಗಡಿಯಲ್ಲಿ ಹೊಸ ಕಥೆ ಓದಿ ಹೇಳಿದೆ. ಕಥೆಯಲ್ಲಿ ಅಣ್ಣತಮ್ಮಂದಿರ ಜಗಳ, ಸೊಸೆ ಬಾಗಿಲ ಹಿಂದೆ ನಿಂತು ಕೇಳುತ್ತಾಳೆ. ಆತ ಚಾದ ಕಪ್ಪು ಬದಿಗಿಟ್ಟು ಕೇಳಿದ: “ಆ ಮನ್ಯಾಗ ಒಲಿ ಎಲ್ಲೈತಿ? ಆಕಿ ರೊಟ್ಟಿ ಬಡೀತಿದ್ದಳೋ, ಸುಮ್ಮ ನಿಂತಿದ್ದಳೋ?” ಬಿಲ್ಲಿನ ಹಿಂಬದಿ ಮನೆಯ ನಕ್ಷೆ ಬರಿ ಅಂದ. ಬರೆದೆ. ಪಡಸಾಲೆ, ನಡುಮನೆ, ಒಲೆ. ಒಲೆಯ ಮುಂದೆ ಕೂತವಳಿಗೆ ಪಡಸಾಲೆಯ ಮಾತು ಅರ್ಧವೇ ಕೇಳುತ್ತದೆ! ಉಳಿದರ್ಧವನ್ನು ಆಕೆ ಊಹಿಸಿಕೊಳ್ಳಬೇಕು. ಜಗಳದ ಕಥೆ ಆಕೆಯ ಊಹೆಯ ಕಥೆಯಾಯಿತು. ಚೆನ್ನಾಗಿದೆ ಎಂದು ಆತ ಆವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಇಂಥವರ ಬದುಕಿಗೆ ಇನ್ನೊಂದು ಮಗ್ಗುಲಿದೆ. ಮೆಚ್ಚುವ ಭರದಲ್ಲಿ ಅದು ಕಾಣುವುದಿಲ್ಲ. ತಾಲೀಮು ಮುಗಿದು ಆತ ಮನೆ ಸೇರುವಾಗ ಮಕ್ಕಳು ಮಲಗಿರುತ್ತಾರೆ. ಹೆಂಡತಿ ತಟ್ಟೆ ಮುಚ್ಚಿಟ್ಟು ಕಾಯುತ್ತಾಳೆ. ಸಾಧಕರ ಬಗ್ಗೆ ಬರೆಯುವಾಗ ಆ ತಟ್ಟೆಯನ್ನು ಬಿಟ್ಟು ಬರೆಯಬೇಡ.

ಈಗ ನಿನ್ನ ಗೆಳತಿಗೆ ಅಭಿನಂದನೆ ಹೇಳಿಯಾಗಿದೆಯಲ್ಲ, ಸಾಕು. ಮುಂದಿನ ಕಾದಂಬರಿಯಲ್ಲಿ ಎಲ್ಲಿ ಸಿಕ್ಕಿಕೊಂಡಿದ್ದಾಳೆ ಅಂತ ಕೇಳು. ಆ ಪುಟ ಇಸಕೊಂಡು ಓದು, ಒಪ್ಪದ್ದನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಕೊಡು. ನಿನ್ನ ಕಥೆಯನ್ನು ಅವಳಿಗೆ ಕೊಟ್ಟು ತಕರಾರು ಹೇಳಿಸಿಕೋ. ಅದಾದ ಮೇಲೆ ನನಗೆ ಕಳಿಸು, ಅವಳು ಗೀಚಿದ ಪ್ರತಿಯನ್ನೇ.

ನಿನ್ನ,
ಅಣ್ಣ