ದೇಶ ಕಟ್ಟುವ ಮುನ್ನ ನಕ್ಷೆ ಬರೆಯಿರಿ

ಗೆಳೆಯರೇ, ನಮ್ಮ ಮುಂದಿನ ಯುದ್ಧದಾಟಕ್ಕೆ (ಆಟದ ಸೈನ್ಯಗಳನ್ನು ನಡೆಸಿ ಹಳೆಯ ಕಾಲದ ಯುದ್ಧ ಆಡುವ ಆಟ) ಪ್ರತಿಯೊಬ್ಬರೂ ಒಂದೊಂದು ಕಲ್ಪನೆಯ ದೇಶ ಮಾಡಿಕೊಂಡು ಬನ್ನಿ. ಕಾಲ 1756ರಿಂದ 1763ರವರೆಗೆ, ಅಂದರೆ ಏಳು ವರ್ಷಗಳ ಯುದ್ಧದ ಯುರೋಪ್. ಆಗ ಜರ್ಮನ್ ನಾಡಿನಲ್ಲೇ ಸುಮಾರು 300 ಚಿಕ್ಕಪುಟ್ಟ ಸಂಸ್ಥಾನಗಳಿದ್ದವು. ಅವುಗಳ ನಡುವೆ ನಮ್ಮದೂ ನಾಲ್ಕು ಸೇರಿದರೆ ಚೆನ್ನಾಗಿಯೇ ಹೊಂದಿಕೊಳ್ಳುತ್ತವೆ, ಅಲ್ವಾ?

ಬಾವುಟ, ಸಮವಸ್ತ್ರದ ಬಣ್ಣ ಆಮೇಲೆ ನೋಡೋಣ. ಮೊದಲು ನಕ್ಷೆ. ನದಿ ಎಲ್ಲಿ ಹರಿಯುತ್ತದೆ? ಸೇತುವೆ ಎಷ್ಟಿವೆ? ಕುದುರೆಗಳಿಗೆ ಮೇವು ಎಲ್ಲಿಂದ ಬರುತ್ತದೆ? ಆ ಕಾಲದ ದೊಡ್ಡ ಸೈನ್ಯಗಳಿಗೆ ತಮ್ಮ ಉಗ್ರಾಣಗಳನ್ನು ಬಿಟ್ಟು ಜಾಸ್ತಿ ದೂರ ಹೋಗುವುದು ಕಷ್ಟವಿತ್ತು. ಹಾಗಾಗಿ ಗಡಿಯ ಒಂದು ಉಗ್ರಾಣಕ್ಕಾಗಿಯೇ ಇಡೀ ಆಟ ನಡೆಯಬಹುದು. ನನಗಂತೂ ಇದರಲ್ಲಿ ತುಂಬಾ ಇಷ್ಟವಾಗುವ ಭಾಗ ಇದೇ.

ಜಗಳಕ್ಕೆ ಒಂದು ಕಾರಣವೂ ಇರಲಿ. ಪಟ್ಟ ಯಾರಿಗೆ ಸಿಗಬೇಕು, ನದಿಯ ಸುಂಕ ಯಾರು ವಸೂಲಿ ಮಾಡಬೇಕು, ಇಂಥದ್ದು ಸಾಕು. ಸುಮ್ನೆ ಹೊಡೆದಾಡುವ ದೇಶ ಬೇಡ. ಸೋಲೇ ಇಲ್ಲದ ಸೈನ್ಯವೂ ದಯವಿಟ್ಟು ಬೇಡ. ಫಿರಂಗಿ ಚೆನ್ನಾಗಿದ್ದರೆ ಕುದುರೆ ಪಡೆ ಸ್ವಲ್ಪ ಸೊರಗಿರಲಿ.

ನಕ್ಷೆಯ ಫೋಟೋವನ್ನು ಶುಕ್ರವಾರದೊಳಗೆ ಇಲ್ಲೇ ಹಾಕಿ. ಎಲ್ಲರ ಗಡಿಗಳನ್ನು ಹೊಂದಿಸಲು ನನಗೆ ಎರಡು ದಿನ ಬೇಕು.